ಡಿವ್ವಿ ಎಂಬ ಪದದ ಕಡಿದ ಬಾಲ

ಷಿಕಾಗೋ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ಒಂದು ಪತ್ರ ಬರೆದಿದ್ದಳು. ಆ ಊರಿನಲ್ಲಿ 2013ರಿಂದ ಸೈಕಲ್ಲುಗಳನ್ನು ಹಂಚಿಕೊಂಡು ಬಳಸುವ ಒಂದು ವ್ಯವಸ್ಥೆಯಿದೆ. ಬೀದಿಯ ಬದಿಯಲ್ಲಿ ನೀಲಿ ಬಣ್ಣದ ಸೈಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಬೇಕಾದವರು ಒಂದೆಡೆ ತೆಗೆದುಕೊಂಡು, ತುಳಿದು, ಇನ್ನೊಂದೆಡೆ ನಿಲ್ಲಿಸಿ ಹೋಗಬಹುದು. ಆ ವ್ಯವಸ್ಥೆಯ ಹೆಸರು ‘ಡಿವ್ವಿ’. “ಮೇಷ್ಟ್ರೇ, ನನ್ನ ಮಗ ಈ ಪದಕ್ಕೆ ಏನು ಅರ್ಥ ಎಂದು ಕೇಳಿದ. ಹಂಚಿಕೊಳ್ಳುವುದು ಎಂದೆ. ಎಲ್ಲಿಂದ ಬಂತು ಎಂದ. ಡಿವೈಡ್ ಎಂಬುದನ್ನು ಮೊಟಕು ಮಾಡಿದ್ದಾರೆ ಎಂದುಬಿಟ್ಟೆ. ಸರಿಯೋ ತಪ್ಪೋ ನೀವು ಹೇಳಬೇಕು” ಎಂದು ಕೇಳಿದ್ದಳು.

ಈಕೆ ಒಂಬತ್ತನೆಯ ತರಗತಿಯಲ್ಲಿದ್ದಾಗ, ಸಾಲ ಎಂಬರ್ಥದ ‘ಡೆಟ್’ ಪದದಲ್ಲಿ ಉಚ್ಚರಿಸದ ‘ಬಿ’ ಅಕ್ಷರ ಏಕಿದೆ ಎಂದು ಕೇಳಿ ನನ್ನನ್ನು ತಬ್ಬಿಬ್ಬು ಮಾಡಿದವಳು. ಅಂದು ಉತ್ತರ ಹೇಳಲು ನನಗೆ ಎರಡು ದಿನ ಹಿಡಿದಿತ್ತು. ಈ ಬಾರಿ ಒಂದು ತಿಂಗಳೇ ಹಿಡಿಯಿತು. ಉತ್ತರ ಅವಳೊಬ್ಬಳಿಗೇ ಹೋಗಿದ್ದರೆ ಒಂದು ಪುಟದಲ್ಲಿ ಮುಗಿಯುತ್ತಿತ್ತು. ಆದರೆ ಪದದ ಬೇರನ್ನು ಹುಡುಕುತ್ತ ಹೋದಂತೆ ಅದು ನಮ್ಮ ಮನೆಯ ಹಿತ್ತಿಲಿಗೇ ಬಂದು ನಿಂತಿತು. ಆದುದರಿಂದ ಇದನ್ನು ನನ್ನ ಬಂಧುಗಳೂ ಓದಲಿ ಎಂಬ ಆಸೆ ನನ್ನದು.

ಮೊದಲು ಪದದ ಬಳಕೆ. ಗೆಳೆಯರು ನಾಲ್ವರು ಹೋಟೆಲಿನಲ್ಲಿ ಉಂಡು ಬಿಲ್ಲನ್ನು ಹಂಚಿಕೊಂಡರೆ ಅದು ‘ಡಿವ್ವಿ ಅಪ್’. ಕಳ್ಳರು ಕದ್ದ ಮಾಲನ್ನು ಹಂಚಿಕೊಂಡರೂ ಅದೇ ಪದ. ಇದು ಸಲುಗೆಯ ಮಾತು. ಅರ್ಜಿಯಲ್ಲಿ, ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಬರೆಯತಕ್ಕುದಲ್ಲ. ಇಂಗ್ಲೆಂಡಿನಲ್ಲಿರುವ ನನ್ನ ಶಿಷ್ಯರು ಇನ್ನೂ ಒಂದು ಎಚ್ಚರಿಕೆ ವಹಿಸಬೇಕು. ಅಲ್ಲಿ ಒಬ್ಬನನ್ನು ‘ಡಿವ್ವಿ’ ಎಂದು ಕರೆದರೆ ಪೆದ್ದ ಎಂದಂತಾಗುತ್ತದೆ. ಅದು ಬೇರೆಯೇ ಪದ. ಈ ಲೇಖನಕ್ಕೂ ಅದಕ್ಕೂ ಸಂಬಂಧವಿಲ್ಲ.

ನನ್ನ ಶಿಷ್ಯೆ ಮಗನಿಗೆ ಹೇಳಿದ್ದು ಅರ್ಧ ಸರಿ. ‘ಡಿವ್ವಿ’ ನೇರವಾಗಿ ‘ಡಿವೈಡ್’ ಎಂಬ ಕ್ರಿಯಾಪದದಿಂದ ಹುಟ್ಟಿದ್ದಲ್ಲ. ಅದು ‘ಡಿವಿಡೆಂಡ್’ ಎಂಬ ಗಂಭೀರ ಪದದ ಮೊಟಕು ರೂಪ. 1870ರ ದಶಕದಲ್ಲಿ ಅದು ಅಚ್ಚಿನಲ್ಲಿ ಕಾಣಿಸಿಕೊಂಡಿತು. ಉದ್ದನೆಯ ಪದದ ತಲೆಯನ್ನು ಇಟ್ಟುಕೊಂಡು ಬಾಲವನ್ನು ಕಡಿದು, ಕೊನೆಗೆ ಒಂದು ‘ಇ’ಕಾರ ಅಂಟಿಸುವುದು ಇಂಗ್ಲಿಷರ ಹಳೆಯ ಚಟ. ಹ್ಯಾಂಡ್‌ಕರ್ಚೀಫ್ ‘ಹ್ಯಾಂಕಿ’ಯಾಯಿತು, ಟೆಲಿವಿಷನ್ ‘ಟೆಲಿ’ಯಾಯಿತು. ಹೆಡ್‌ಮಾಸ್ಟರರನ್ನು ‘ಎಚ್ಚೆಮ್ಮು’ ಮಾಡಿದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೆ ಈ ಪದದ ಬಾಲವನ್ನು ಕಡಿದಾಗ ಕಡಿದುಹೋದದ್ದು ಏನು ಎಂಬುದನ್ನು ನೋಡಬೇಕು. ನನ್ನ ಮಾತೆಲ್ಲ ಇರುವುದು ಆ ಬಾಲದಲ್ಲಿಯೇ.

ಡಿವಿಡೆಂಡ್ ಎಂಬುದು ಲ್ಯಾಟಿನ್ನಿನ ‘ದೀವಿದೆಂದುಮ್’. ಈ ‘ಎಂದುಮ್’, ‘ಅಂದುಮ್’ ಎಂಬ ಪ್ರತ್ಯಯಗಳು ಲ್ಯಾಟಿನ್ ಭಾಷೆಯಲ್ಲಿ ‘ಆಗಲೇಬೇಕಾದದ್ದು’ ಎಂಬ ಅರ್ಥ ಕೊಡುತ್ತವೆ. ಅಜೆಂಡಾ ಎಂದರೆ ಮಾಡಬೇಕಾದ ಕೆಲಸಗಳು. ಮೆಮೊರಾಂಡಮ್ ಎಂದರೆ ನೆನಪಿಡಬೇಕಾದದ್ದು. ಅಡೆಂಡಮ್ ಎಂದರೆ ಸೇರಿಸಬೇಕಾದದ್ದು. ಪಾದ್ರಿಗಳ ಹೆಸರಿನ ಹಿಂದೆ ಬರುವ ‘ರೆವರೆಂಡ್’ ಎಂದರೆ ಗೌರವಿಸಬೇಕಾದವರು. ಸಂಸ್ಕೃತ ಬಲ್ಲವರು ಇಷ್ಟರಲ್ಲಿಯೇ ತಲೆದೂಗಿರಬೇಕು. ಇದು ನಮ್ಮ ಕೃತ್ಯ ಪ್ರತ್ಯಯಗಳ ಕೆಲಸವೇ ಆಗಿದೆ. ಮಾಡಬೇಕಾದದ್ದು ಕರ್ತವ್ಯ, ನೆನೆಯಬೇಕಾದದ್ದು ಸ್ಮರಣೀಯ, ಪೂಜಿಸಬೇಕಾದವರು ಪೂಜ್ಯರು. ಹಾಗೆಯೇ ದೀವಿದೆಂದುಮ್ ಎಂದರೆ ‘ಹಂಚಲೇಬೇಕಾದದ್ದು’.

ಇದಕ್ಕೆ ಸರಿಸಮನಾದ ಪದವನ್ನು ನಾವೆಲ್ಲರೂ ನಾಲ್ಕನೆಯ ತರಗತಿಯಲ್ಲಿಯೇ ಕಲಿತಿದ್ದೇವೆ. ಭಾಗಾಕಾರದ ಲೆಕ್ಕದಲ್ಲಿ ಭಾಜ್ಯ, ಭಾಜಕ, ಭಾಗಲಬ್ಧ, ಶೇಷ ಎಂಬ ನಾಲ್ಕು ಹೆಸರುಗಳನ್ನು ಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆವು. ಇಂಗ್ಲಿಷ್ ಮಾಧ್ಯಮದಲ್ಲಿ ಆ ಭಾಜ್ಯವೇ ಡಿವಿಡೆಂಡ್. ‘ಭಜ್’ ಎಂಬ ಧಾತುವಿಗೆ ‘ಯ’ ಸೇರಿ ಭಾಜ್ಯ: ಹಂಚಬೇಕಾದ ಮೊತ್ತ. ಕಂಪನಿಯ ಡಿವಿಡೆಂಡನ್ನು ಕನ್ನಡಕ್ಕೆ ತರುವಾಗ ಮಾತ್ರ ನಾವು ‘ಲಾಭಾಂಶ’ ಎಂದೆವು. ಲಾಭದ ಒಂದು ಅಂಶ. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ ಎಂಬಂತಿದೆ ಅದರ ಧ್ವನಿ. ಷೇರುಪೇಟೆಯಲ್ಲಿ ಅದು ಇರುವುದೂ ಹಾಗೆಯೇ ಎನ್ನಿ. ನನಗಂತೂ ಪ್ರಾಥಮಿಕ ಶಾಲೆಯ ಭಾಜ್ಯವೇ ಹೆಚ್ಚು ಪ್ರಾಮಾಣಿಕವಾದ ಪದವೆಂದು ತೋರುತ್ತದೆ. ಅದರಲ್ಲಿ ‘ಬೇಕು’ ಎಂಬುದು ಒಳಗೇ ಕುಳಿತಿದೆ.

ಈ ಭಜ್ ಧಾತುವಿನ ಸಂತಾನವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಭಾಗ, ಭಾಗ್ಯ, ವಿಭಾಗ ಇವೆಲ್ಲ ಅದರವೇ. ಭಕ್ತ, ಭಕ್ತಿ ಎಂಬ ಪದಗಳೂ ಅಲ್ಲಿಂದಲೇ ಬಂದವು. ಭಕ್ತ ಎಂದರೆ ಹಂಚಲ್ಪಟ್ಟದ್ದು, ಪಾಲಿಗೆ ಬಂದದ್ದು ಎಂಬ ಅರ್ಥವಿದ್ದು, ಅದರಿಂದ ಅನ್ನ ಎಂಬ ಅರ್ಥವೂ ಬಂದಿತು. ಉತ್ತರದ ಭಾಷೆಗಳಲ್ಲಿ ಅದು ಭಾತ್ ಆಯಿತು. ಬಿಸಿಬೇಳೆ ಬಾತನ್ನು ಒಬ್ಬನೇ ಕುಳಿತು ಉಣ್ಣುವವನು ಪದದ ಮೂಲಾರ್ಥಕ್ಕೆ ದ್ರೋಹ ಬಗೆದಂತೆ ಎಂದು ನಾನು ಮನೆಯಲ್ಲಿ ಹೇಳುವುದುಂಟು. ನನ್ನಾಕೆ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಡಿವ್ವಿ ಎಂಬ ಮಾತು ಬಡವರ ಬಾಯಲ್ಲಿ ಬೆಳೆದದ್ದು ಇಂಗ್ಲೆಂಡಿನ ಸಹಕಾರಿ ಅಂಗಡಿಗಳಿಂದ. ಉತ್ತರ ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಮಗ್ಗದ ಊರು. 1844ರ ಡಿಸೆಂಬರ್ 21ರ ಸಂಜೆ, ಟೋಡ್ ಲೇನ್ ಎಂಬ ಓಣಿಯಲ್ಲಿ ಒಂದು ಸಣ್ಣ ಅಂಗಡಿ ಬಾಗಿಲು ತೆರೆಯಿತು. ತೆರೆದವರು ನೇಕಾರರು ಮತ್ತು ಇತರ ಕಸುಬುದಾರರು. ಒಟ್ಟು 28 ಮಂದಿ ಎಂದು ಪ್ರಸಿದ್ಧಿ. ತಲೆಗೊಂದು ಪೌಂಡಿನಂತೆ ಕೂಡಿಸಿದ್ದು 28 ಪೌಂಡು. ಅಂಗಡಿಯಲ್ಲಿದ್ದ ಸರಕು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ ಧಾನ್ಯದ ಹಿಟ್ಟು ಮತ್ತು ಮೇಣದ ಬತ್ತಿ, ಅಷ್ಟೆ. ಬೇರೆ ವರ್ತಕರು ಹಿಟ್ಟಿಗೆ ಸುಣ್ಣದ ಪುಡಿ ಬೆರೆಸಿ ತೂಕದಲ್ಲಿ ಮೋಸ ಮಾಡುತ್ತಿದ್ದ ಕಾಲ ಅದು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಕೈಕಾಸಿನ ವ್ಯಾಪಾರ, ಇವು ಅವರ ನಿಯಮಗಳು.

ಇವುಗಳಿಗಿಂತ ದೊಡ್ಡ ನಿಯಮ ಲಾಭದ ಹಂಚಿಕೆಯದು. ಯಾರು ಹೆಚ್ಚು ಬಂಡವಾಳ ಹಾಕಿದರೋ ಅವರಿಗೆ ಹೆಚ್ಚು ಲಾಭ ಎಂಬುದು ಲೋಕದ ರೂಢಿ. ರಾಚ್‌ಡೇಲಿನವರು ಬಂಡವಾಳಕ್ಕೆ ಮಿತವಾದ ಬಡ್ಡಿಯನ್ನು ಮಾತ್ರ ಕೊಟ್ಟು, ಉಳಿದ ಲಾಭವನ್ನು ಸದಸ್ಯರು ಮಾಡಿದ ಖರೀದಿಗೆ ಅನುಗುಣವಾಗಿ ಹಂಚಿದರು. ಮೂರು ತಿಂಗಳಲ್ಲಿ ನೀನು ಎಷ್ಟು ಹಿಟ್ಟು, ಎಷ್ಟು ಸಕ್ಕರೆ ಕೊಂಡೆಯೋ ಆ ಲೆಕ್ಕಕ್ಕೆ ನಿನ್ನ ಪಾಲು. ಈ ಪಾಲಿನ ಹೆಸರೇ ಡಿವಿಡೆಂಡ್. ಜನರ ಬಾಯಲ್ಲಿ ‘ಡಿವ್ವಿ’ ಅಥವಾ ‘ಡಿವಿ’. ಮುಂದೆ ಊರೂರಿನಲ್ಲಿ ಇಂಥ ಅಂಗಡಿಗಳು ಹುಟ್ಟಿದುವು. ಪ್ರತಿ ಸದಸ್ಯರಿಗೂ ಒಂದೊಂದು ಸಂಖ್ಯೆ. ಅಂಗಡಿಗೆ ಹೋದ ಮಕ್ಕಳು ಆ ಸಂಖ್ಯೆಯನ್ನು ತಪ್ಪದೆ ಹೇಳಬೇಕು. ತಪ್ಪಿದರೆ ಮನೆಯ ಡಿವ್ವಿ ಪರರ ಖಾತೆಗೆ ಹೋಗುತ್ತದೆ. ತಾಯಿಯ ಆ ಡಿವ್ವಿ ಸಂಖ್ಯೆಯನ್ನು ಮುದುಕರಾದ ಮೇಲೂ ಮರೆಯದವರು ಇಂಗ್ಲೆಂಡಿನಲ್ಲಿ ಬಹಳ ಮಂದಿ. ಮಗ್ಗಿಯನ್ನು ಮರೆತು ಅದನ್ನು ನೆನಪಿಟ್ಟುಕೊಂಡವರೂ ಇರಬಹುದು.

‘ತಾಯಿಯ ಸಂಖ್ಯೆ’ ಎಂದೆ. ಅದು ಕೈತಪ್ಪಿ ಬಂದ ಮಾತಲ್ಲ. 1870ರ ಮತ್ತು 1882ರ ಕಾನೂನುಗಳು ಬರುವವರೆಗೆ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿನ ಸಂಪಾದನೆಯೂ ಅವಳ ಹಣವೂ ಕಾನೂನಿನ ಕಣ್ಣಿನಲ್ಲಿ ಗಂಡನದಾಗಿತ್ತು. ಅಂಥ ಕಾಲದಲ್ಲಿಯೇ ರಾಚ್‌ಡೇಲಿನ ಅಂಗಡಿ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಿತು. ಚೀಲ ಹಿಡಿದು ಅಂಗಡಿಗೆ ಹೋಗುತ್ತಿದ್ದವಳು ಮನೆಯೊಡತಿ. ಆದ್ದರಿಂದ ಡಿವ್ವಿ ಎಂಬುದು ಬಹುಮಟ್ಟಿಗೆ ಅವಳ ಹಣವಾಯಿತು. ಮಕ್ಕಳ ಬೂಟು, ಚಳಿಗಾಲದ ಕಂಬಳಿ ಆ ಹಣದಲ್ಲಿ ಬರುತ್ತಿದ್ದವು. 1883ರಲ್ಲಿ ಹುಟ್ಟಿದ ಮಹಿಳಾ ಸಹಕಾರಿ ಗಿಲ್ಡ್ ಮುಂದೆ ಅಂಥ ಗೃಹಿಣಿಯರ ದೊಡ್ಡ ಸಂಘಟನೆಯಾಗಿ ಬೆಳೆಯಿತು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಒಂದು ಸೂಕ್ಷ್ಮ. ಡಿವ್ವಿ ಪಡೆದ ಆ ಹೆಂಗಸು ಅಂಗಡಿಯವನಿಗೆ ಕೃತಜ್ಞತೆ ಹೇಳಬೇಕಾಗಿರಲಿಲ್ಲ. ಅದು ಇನಾಮಲ್ಲ, ಹಬ್ಬದ ಉಡುಗೊರೆಯಲ್ಲ. ಅವಳದನ್ನು ಅವಳಿಗೆ ಹಿಂದಿರುಗಿಸಿದ್ದು. ಮಾತಿನ ಬಾಲ ಕಡಿದುಹೋಗಿದ್ದರೂ ನಡತೆಯಲ್ಲಿ ಅವರು ಬಾಲವನ್ನು ಉಳಿಸಿಕೊಂಡಿದ್ದರು.

ನಮ್ಮ ನಾಡಿಗೆ ಸಹಕಾರ ಬಂದ ದಾರಿ ಬೇರೆ. 1904ರ ಕಾನೂನಿನ ಮೂಲಕ, ಅಂಗಡಿಯಾಗಿ ಅಲ್ಲದೆ ಸಾಲದ ಸಂಘವಾಗಿ ಅದು ಬಂದಿತು. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಆರಂಭವಾದ ಸಂಘ ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಹೆಸರಾಗಿದೆ. ಆದರೆ ರಾಚ್‌ಡೇಲಿನ ಡಿವ್ವಿಯ ಸಾಕ್ಷಾತ್ ತಂಗಿಯನ್ನು ನೋಡಬೇಕಾದರೆ ನಮ್ಮ ಹಳ್ಳಿಯ ಹಾಲಿನ ಡೈರಿಗೆ ಹೋಗಬೇಕು. ವರ್ಷದ ಕೊನೆಯಲ್ಲಿ ಸಂಘಕ್ಕೆ ಲಾಭ ಬಂದರೆ ಬೋನಸ್ ಹಂಚುತ್ತಾರೆ. ಹಂಚುವುದು ಯಾರು ಎಷ್ಟು ಹಾಲು ಹಾಕಿದರು ಎಂಬ ಲೆಕ್ಕದ ಮೇಲೆ. ಹಸು ಎಷ್ಟು ಎಕರೆಯವರದು ಎಂದು ಯಾರೂ ಕೇಳುವುದಿಲ್ಲ.

ಹಾಲೆಂದಾಗ ನೆನಪಾಯಿತು. ಹಳಗನ್ನಡದಲ್ಲಿ ಹಾಲಿಗೂ ಪಾಲಿಗೂ ‘ಪಾಲ್’ ಎಂಬ ಒಂದೇ ರೂಪವಿತ್ತು. ಮುಂದೆ ‘ಪ’ಕಾರಗಳು ‘ಹ’ಕಾರಗಳಾದಾಗ ಕುಡಿಯುವ ಪಾಲ್ ಹಾಲಾಯಿತು, ಹಂಚುವ ಪಾಲ್ ಮಾತ್ರ ಪಾಲಾಗಿಯೇ ಉಳಿಯಿತು. ಅದೇ ಕಾಲದ ‘ಪಂಚು’ ಇಂದಿನ ‘ಹಂಚು’. ಇವು ನಮ್ಮವೇ ಆದ ದ್ರಾವಿಡ ಪದಗಳು. ಪಹಣಿಯಲ್ಲಿ, ಸರ್ವೆ ದಾಖಲೆಯಲ್ಲಿ ಕಾಣುವ ‘ಹಿಸ್ಸೆ’ ಅರಬ್ಬಿಯಿಂದ ಬಂದದ್ದು. ಹಂಚಿಕೆಗೆ ನಮ್ಮಲ್ಲಿ ಪದಗಳಿಗೆ ಬರವಿಲ್ಲ.

ಇನ್ನು ಬೇರಿಗೆ ಹೋಗೋಣ. ಇಲ್ಲಿಯೇ ನಾನು ತಿಂಗಳು ಕಳೆದದ್ದು. ಡಿವಿಡೆಂಡಿನ ಮೂಲ ಕ್ರಿಯೆ ಲ್ಯಾಟಿನ್ನಿನ ‘ದೀವಿದೆರೆ’. ಅದರಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ‘ಬೇರೆಯಾಗಿ’ ಎಂಬರ್ಥದ ಉಪಸರ್ಗ. ಎರಡನೆಯದು ‘ವಿದ್’ ಎಂಬ ತುಂಡು. ಅದಕ್ಕೆ ಬೇರ್ಪಡಿಸು, ಅಗಲಿಸು ಎಂದು ಅರ್ಥ. ಇದನ್ನು ನಮ್ಮ ವಿದ್ಯೆಯ ‘ವಿದ್’ ಎಂದು ಭ್ರಮಿಸಬಾರದು. ಅದು ಬೇರೆ ಧಾತು. ಈ ಅಗಲಿಕೆಯ ಮೂಲ ಧಾತು ಲ್ಯಾಟಿನ್, ಗ್ರೀಕ್, ಸಂಸ್ಕೃತ, ಇಂಗ್ಲಿಷ್ ಮೊದಲಾದ ಭಾಷೆಗಳೆಲ್ಲ ಒಂದೇ ಮನೆಯಲ್ಲಿದ್ದ ಕಾಲಕ್ಕೆ ಸೇರಿದ್ದು. ಆ ಧಾತುವಿನಿಂದ ಹುಟ್ಟಿದ ಇನ್ನೊಂದು ಪದ ಆ ಮನೆಯ ಬಹುಪಾಲು ಮಕ್ಕಳಲ್ಲಿ ಉಳಿದುಕೊಂಡಿದೆ. ಲ್ಯಾಟಿನ್ನಿನಲ್ಲಿ ಅದು ‘ವಿದುವಾ’. ರಷ್ಯನ್ನಿನಲ್ಲಿ ‘ವ್ದೊವಾ’. ಇಂಗ್ಲಿಷಿನಲ್ಲಿ ‘ವಿಡೋ’. ಸಂಸ್ಕೃತದಲ್ಲಿ ‘ವಿಧವಾ’.

ನಾನು ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ತಿರುಗಾಡಿ ಬಂದೆ.

ವಿಧವೆ ಎಂದರೆ ‘ಧವ ಇಲ್ಲದವಳು’, ಧವ ಎಂದರೆ ಗಂಡ, ಎಂದು ನಮಗೆ ಪಾಠ ಹೇಳಿದ್ದರು. ನಾನೂ ಹಾಗೆಯೇ ಪಾಠ ಹೇಳಿದೆ. ಅಮರಕೋಶದಲ್ಲಿ ಧವ ಎಂಬುದು ಗಂಡನ ಪರ್ಯಾಯ ಪದಗಳಲ್ಲಿ ಸೇರಿರುವುದು ನಿಜ. ಆದರೆ ಇಂದಿನ ಭಾಷಾಶಾಸ್ತ್ರಜ್ಞರ ಅಭಿಪ್ರಾಯದಲ್ಲಿ ನಡೆದದ್ದು ತಿರುಗುಮುರುಗು. ವಿಧವಾ ಎಂಬ ಪ್ರಾಚೀನ ಪದವೇ ಮೊದಲು. ಅದರ ‘ವಿ’ಯನ್ನು ಉಪಸರ್ಗವೆಂದು ಬಗೆದು ಕಿತ್ತು, ಉಳಿದ ‘ಧವ’ಕ್ಕೆ ಗಂಡ ಎಂಬ ಅರ್ಥವನ್ನು ಆಮೇಲೆ ಹಚ್ಚಿದರು. ಯಾಸ್ಕಾಚಾರ್ಯರಿಗೇ ಈ ಪದದ ಬಗ್ಗೆ ಅನುಮಾನವಿದ್ದಿರಬೇಕು. ನಿರುಕ್ತದಲ್ಲಿ ಅವರು ಇದಕ್ಕೆ ಒಂದಲ್ಲ, ಹಲವು ವ್ಯುತ್ಪತ್ತಿಗಳನ್ನು ಕೊಟ್ಟಿದ್ದಾರೆ. ಧವ ಎಂದರೆ ಮನುಷ್ಯ ಎಂಬ ವಿವರಣೆ ಅವುಗಳಲ್ಲಿ ಒಂದು ಮಾತ್ರ. ಗಂಡನ ಹೆಸರಿನಿಂದ ವಿಧವೆ ಹುಟ್ಟಲಿಲ್ಲ, ವಿಧವೆಯ ಪದದಿಂದ ಗಂಡನಿಗೊಂದು ಹೆಸರು ಹುಟ್ಟಿತು. ಇದನ್ನು ತರಗತಿಯಲ್ಲಿ ಹೇಳಿದ್ದರೆ ಹೆಣ್ಣುಮಕ್ಕಳು ಮುಸಿಮುಸಿ ನಗುತ್ತಿದ್ದರು.

ಮೂಲದಲ್ಲಿ ವಿಧವೆ ಎಂದರೆ ಬೇರ್ಪಟ್ಟವಳು, ಇಲ್ಲದಂತಾದವಳು. ಹಂಚುವಿಕೆ ಎಂಬ ಕ್ರಿಯೆಯೂ ಹಂಚಿಕೆಯಲ್ಲಿ ಹೊರಗುಳಿದವಳೂ ಒಂದೇ ಬೇರಿನ ಎರಡು ಚಿಗುರುಗಳು. ಇದರಲ್ಲಿ ಯಾರ ಸಂಚೂ ಇಲ್ಲ. ಭಾಷೆ ತನ್ನಷ್ಟಕ್ಕೆ ಬೆಳೆದದ್ದು. ಆದರೂ ನನಗೆ ನಮ್ಮ ಚಿಕ್ಕಮ್ಮನ ನೆನಪಾಗದೆ ಇರಲಿಲ್ಲ.

1971ರ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಪಾಲಾಯಿತು. ನನಗಾಗ ಹನ್ನೊಂದು ವರ್ಷ. ಅಣ್ಣತಮ್ಮಂದಿರು ಮೂವರು, ಕಿರಿಯರಾದ ಚಿಕ್ಕಪ್ಪ ಅದಕ್ಕೆ ಏಳೆಂಟು ವರ್ಷ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಜಗುಲಿಯಲ್ಲಿ ಪಂಚಾಯಿತರು ಕುಳಿತು ಆಸ್ತಿಯನ್ನು ಎರಡು ಭಾಗ ಮಾಡಿದರು, ಮೂರಲ್ಲ. ಚಿಕ್ಕಮ್ಮನಿಗೆ ಹಿತ್ತಿಲ ಕಡೆಯ ಕೋಣೆ, ವರ್ಷಕ್ಕೆ ಎರಡು ಪಲ್ಲ ರಾಗಿ, ಎರಡು ಸೀರೆ ಎಂದು ಬರೆದರು. ಬರೆದ ಕಾಗದವನ್ನು ಒಳಗೆ ಕಳುಹಿಸಿದರು. ಜೊತೆಗೆ ಹೆಬ್ಬೆಟ್ಟು ಒತ್ತಲು ಮಸಿಯ ಡಬ್ಬಿ. ಚಿಕ್ಕಮ್ಮ ಆ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, “ನನಗೆ ರುಜು ಹಾಕಲು ಬರುತ್ತದೆ, ಲೇಖನಿ ತನ್ನಿ” ಎಂದರು. ನನಗೆ ಮರಳಿನ ಮೇಲೆ ಅಕ್ಷರ ತಿದ್ದಿಸಿದವರೇ ಅವರು. ಲೇಖನಿ ತಂದುಕೊಟ್ಟವನು ನಾನು. ದುಂಡಗಿನ ಅಕ್ಷರಗಳಲ್ಲಿ ಪೂರ್ತಿ ಹೆಸರು ಬರೆದು ಕಾಗದವನ್ನು ಹಿಂದಿರುಗಿಸಿದರು. ಜಗುಲಿಯಲ್ಲಿದ್ದವರು ಕೆಟ್ಟವರಲ್ಲ. ನಮ್ಮ ತಂದೆಯವರೂ ಅಲ್ಲಿ ಕುಳಿತಿದ್ದರು.

ಆ ಕಾಲದ ರೂಢಿ ಹಾಗಿತ್ತು ಎಂದು ನಾವು ಸಮಾಧಾನ ಹೇಳಿಕೊಳ್ಳುವುದುಂಟು. ರೂಢಿ ಹಾಗಿದ್ದುದು ಸರಿ, ಕಾನೂನು ಹಾಗಿರಲಿಲ್ಲ. ನಮ್ಮ ಹಳೆಯ ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನು ಮಾಡಿ, ಅವಿಭಕ್ತ ಕುಟುಂಬದಲ್ಲಿ ಪಾಲಾಗುವಾಗ ವಿಧವೆಯರಿಗೂ ಪಾಲು ಕೊಡುವ ಏರ್ಪಾಡು ಮಾಡಿತ್ತು. ಬ್ರಿಟಿಷ್ ಭಾರತದಲ್ಲಿ ಅಂಥ ಕಾನೂನು ಬಂದದ್ದು 1937ರಲ್ಲಿ. 1956ರ ಉತ್ತರಾಧಿಕಾರ ಕಾಯ್ದೆಯಂತೂ ವಿಧವೆಯನ್ನು ಮೊದಲ ದರ್ಜೆಯ ವಾರಸುದಾರಳೆಂದು ಕರೆದು, ಅವಳಿಗೆ ಬಂದ ಆಸ್ತಿಯ ಮೇಲೆ ಪೂರ್ಣ ಒಡೆತನ ಕೊಟ್ಟಿತ್ತು. ನಮ್ಮ ಜಗುಲಿಯ ಪಂಚಾಯಿತಿ ನಡೆದದ್ದು ಅದಾದ 15 ವರ್ಷಗಳ ನಂತರ.

ಇನ್ನೂ ಹಿಂದಕ್ಕೆ ಹೋದರೂ ಶಾಸ್ತ್ರವನ್ನು ಪೂರ್ತಿಯಾಗಿ ದೂರುವಂತಿಲ್ಲ. ಭಾರತದ ಬಹುಭಾಗದಲ್ಲಿ ಆಸ್ತಿಯ ವಿಭಾಗಕ್ಕೆ ಆಧಾರವಾಗಿದ್ದ ಮಿತಾಕ್ಷರ ನಮ್ಮ ಕರ್ನಾಟಕದಲ್ಲಿಯೇ ಹುಟ್ಟಿದ ಗ್ರಂಥ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರರು ಅದನ್ನು ಬರೆದರು. ಗಂಡ ಅಣ್ಣತಮ್ಮಂದಿರಿಂದ ವಿಭಕ್ತನಾಗಿದ್ದು, ಗಂಡು ಸಂತಾನವಿಲ್ಲದೆ ಸತ್ತರೆ, ಆಸ್ತಿ ವಿಧವೆಗೆ ಎಂದು ಅವರು ಸ್ಪಷ್ಟವಾಗಿ ವಾದಿಸಿದರು. ಅವಿಭಕ್ತನಾಗಿ ಸತ್ತರೆ ಮಾತ್ರ ಅವಳಿಗೆ ಜೀವನಾಂಶವೇ ಗತಿ. ಅಂದರೆ ಹೆಣ್ಣಿನ ಬದುಕು ‘ವಿ’ ಮತ್ತು ‘ಅವಿ’ ಎಂಬ ಎರಡು ಉಪಸರ್ಗಗಳ ಮೇಲೆ ನಿಂತಿತ್ತು. ಗಂಡ ಬದುಕಿರುವಾಗ ಪಾಲಾಗಿದ್ದರೆ ಅವಳು ಒಡತಿ, ಪಾಲಾಗದಿದ್ದರೆ ಅದೇ ಮನೆಯ ಹಿಂದಿನ ಕೋಣೆಯವಳು. ಕೂಡುಕುಟುಂಬದ ಸೊಗಸನ್ನು ಬಣ್ಣಿಸುವವರು ಈ ಹಿಂದಿನ ಕೋಣೆಗೆ ಒಮ್ಮೆ ಇಣುಕಿ ನೋಡಿ ಬರುವುದು ಒಳ್ಳೆಯದು. ನಾನೂ ಅಂಥ ಬಣ್ಣನೆಯ ಲೇಖನಗಳನ್ನು ಬರೆದಿದ್ದೇನೆ. ಅವನ್ನು ಈಗ ಓದಲು ನಾಚಿಕೆಯಾಗುತ್ತದೆ.

ಹಿರಿಯರ ತಪ್ಪನ್ನು ಎತ್ತಿ ಆಡುವ ಮೊದಲು ನನ್ನದನ್ನೂ ಹೇಳಬೇಕು. 2006ರಲ್ಲಿ ನಮ್ಮ ಒಂದು ತುಂಡು ಹೊಲವನ್ನು ಮಾರಿದೆವು. ಅಕ್ಕನನ್ನೂ ತಂಗಿಯನ್ನೂ ಕರೆಸಿ, ‘ಅರಿಶಿನ ಕುಂಕುಮಕ್ಕೆ’ ಎಂದು ಐದೈದು ಸಾವಿರ ರೂಪಾಯಿ, ಒಂದೊಂದು ಸೀರೆ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಂಡೆವು. ಕರ್ನಾಟಕದಲ್ಲಿ 1994ರಲ್ಲಿಯೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಿದ್ದರೂ, ಅದಕ್ಕೆ ಮೊದಲೇ ಮದುವೆಯಾಗಿದ್ದವರನ್ನು ಆ ತಿದ್ದುಪಡಿ ಹೊರಗಿಟ್ಟಿತ್ತು; ನಮ್ಮ ಅಕ್ಕ ತಂಗಿ ಇಬ್ಬರೂ ಹಾಗೆ ಹೊರಗುಳಿದವರು. 2005ರ ಸೆಪ್ಟೆಂಬರಿನಲ್ಲಿ ಬಂದ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ಕಿತ್ತುಹಾಕಿತು. ನಾನು ಅದನ್ನು ಸಮಾಜ ವಿಜ್ಞಾನದ ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ಸಂಜೆ ಮನೆಗೆ ಬಂದು ಬಿಡುಗಡೆ ಪತ್ರದ ಕರಡನ್ನು ಓದಿ ತಪ್ಪು ತಿದ್ದಿಕೊಟ್ಟವನೂ ನಾನೇ. ಕಾಗುಣಿತದ ತಪ್ಪುಗಳನ್ನು ಮಾತ್ರ. ಆ ಹಣ ನನ್ನ ಮನೆಯ ಸಾಲಕ್ಕೆ ಹೋಯಿತು.

ಈಗ ಊರಿನ ಮನೆಯ ಮಾತು ಬಂದಿದೆ. ತಂದೆಯವರ ಪಾಲಿಗೆ ಬಂದಿದ್ದ ಆ ಮನೆಯೂ ಹಿತ್ತಿಲೂ ಇಂದಿಗೂ ಹಂಚಿಕೆಯಾಗದೆ ಉಳಿದಿವೆ. ಕೊಳ್ಳುವವರು ಮುಂದೆ ಬಂದಿದ್ದಾರೆ. ಅಣ್ಣನ ಮಕ್ಕಳು ಸಜ್ಜನರು, ನನ್ನ ಬಗ್ಗೆ ಗೌರವವುಳ್ಳವರು. “ಚಿಕ್ಕಪ್ಪ, ಅತ್ತೆಯರಿಬ್ಬರಿಂದ ಹಿಂದಿನ ಹಾಗೆಯೇ ಒಂದು ರುಜು ಹಾಕಿಸಿಬಿಡೋಣ, ಏನಾದರೂ ಕೊಡೋಣ” ಎಂದು ಕೇಳಿದ್ದಾರೆ. ‘ಏನಾದರೂ ಕೊಡೋಣ’ ಎಂಬ ಮಾತಿನಲ್ಲಿ ಕೆಡುಕಿಲ್ಲ, ಪ್ರೀತಿಯೇ ಇದೆ. ನನ್ನ ತಕರಾರು ಇರುವುದು ಅಲ್ಲಿಯೇ. ಕೊಡುವುದು ಬೇರೆ, ಹಂಚುವುದು ಬೇರೆ. ಕೊಡುವವನು ಒಡೆಯನಾಗಿರಬೇಕು, ನಾವು ಪೂರ್ತಿ ಒಡೆಯರೇ ಅಲ್ಲದ ಆಸ್ತಿಯಲ್ಲಿ ಕೊಡುಗೈ ದಾನಿಗಳಾಗುವುದು ಹೇಗೆ?

ಹೇಳುವ ಕಾರಣಗಳು ನನಗೆ ಗೊತ್ತಿವೆ. ನಾನೇ ಅವನ್ನು ಹೇಳಿದವನು. ಮದುವೆಯಲ್ಲಿ ಖರ್ಚು ಮಾಡಿಲ್ಲವೆ ಎನ್ನುತ್ತಾರೆ. ಮಾಡಿದೆವು, ಅಣ್ಣನ ಓದಿಗೂ ನನ್ನ ಬಿ.ಎಡ್.ಗೂ ಖರ್ಚಾಯಿತು, ಅದನ್ನು ನಮ್ಮ ಪಾಲಿನಿಂದ ಯಾರೂ ಕಳೆಯಲಿಲ್ಲ. ಅವರು ಕೇಳಲೇ ಇಲ್ಲವಲ್ಲ ಎನ್ನುತ್ತಾರೆ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆಂಬ ಭಯವನ್ನು ಹುಟ್ಟಿನಿಂದಲೇ ಕಲಿಸಿ, ಕೇಳಲಿಲ್ಲವೆನ್ನುವುದು ನ್ಯಾಯವಲ್ಲ. ತಂದೆಯವರು ತೀರಿಕೊಂಡದ್ದು ಹಿಂದೆಯೇ ಅಲ್ಲವೆ ಎಂದು ಕಾನೂನು ಬಲ್ಲ ಒಬ್ಬ ಬಂಧು ಕೇಳಿದರು. ಹೆಣ್ಣುಮಕ್ಕಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ತೀರ್ಪು ನೀಡಿದೆ. ಆ ಬಾಗಿಲೂ ಮುಚ್ಚಿತು. ಸಂಸ್ಕೃತದಲ್ಲಿ ದಾಯಾದ ಎಂದರೆ ಪಿತ್ರಾರ್ಜಿತವನ್ನು ಪಡೆಯುವವನು ಎಂದಷ್ಟೇ ಅರ್ಥ. ನಮ್ಮ ಆಡುಮಾತಿನಲ್ಲಿ ದಾಯಾದಿ ಎಂದೊಡನೆ ಜಗಳ ನೆನಪಾಗುತ್ತದೆ. ಪದ ಕೆಟ್ಟದ್ದಲ್ಲ, ಹಂಚಬೇಕಾದದ್ದನ್ನು ಹಂಚದೆ ನಾವು ಅದನ್ನು ಕೆಡಿಸಿದೆವು.

ಆದ್ದರಿಂದ ನನ್ನ ನಿಲುವನ್ನು ಬಂಧುಗಳೆಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ. ಊರಿನ ಮನೆ ಮತ್ತು ಹಿತ್ತಿಲು ಭಾಜ್ಯ. ಭಾಜಕ ನಾಲ್ಕು, ಎರಡಲ್ಲ. ನಾಲ್ಕು ಹೆಸರುಗಳಿರುವ ವಿಭಾಗ ಪತ್ರಕ್ಕೆ ನಾನು ಸಂತೋಷದಿಂದ ರುಜು ಹಾಕುತ್ತೇನೆ, ಎರಡು ಹೆಸರುಗಳಿರುವ ಪತ್ರಕ್ಕೆ ಹಾಕುವುದಿಲ್ಲ. 2006ರ ಹೊಲದ ಹಣದಲ್ಲಿ ಅವರಿಬ್ಬರಿಗೆ ಸಲ್ಲಬೇಕಾಗಿದ್ದದ್ದರಲ್ಲಿ ನನ್ನ ಕೈಸೇರಿದಷ್ಟನ್ನು ನನ್ನ ಭಾಗದಿಂದ ಕಳೆಯುವುದು. ಅಣ್ಣನ ಲೆಕ್ಕ ಅಣ್ಣನಿಗೆ ಬಿಟ್ಟದ್ದು. ಅವರು ಇದನ್ನು ಓದಿ ನೊಂದುಕೊಂಡರೆ ನನಗೂ ನೋವಾಗುತ್ತದೆ. ಆದರೂ ಬರೆದದ್ದನ್ನು ಅಳಿಸುವುದಿಲ್ಲ.

ಷಿಕಾಗೋದ ಹುಡುಗನಿಗೆ ಅವನ ತಾಯಿ ಹೀಗೆ ಹೇಳಬಹುದು: ಡಿವ್ವಿ ಡಿವಿಡೆಂಡಿನ ತುಂಡು, ಡಿವಿಡೆಂಡ್ ಎಂದರೆ ಹಂಚಲೇಬೇಕಾದದ್ದು, ನೀನು ತುಳಿಯುವ ನೀಲಿ ಸೈಕಲ್ಲಿಗೆ ದೂರದಿಂದ ಇಬ್ಬರು ಬಂಧುಗಳಿದ್ದಾರೆ, ರಾಚ್‌ಡೇಲಿನ ಒಬ್ಬ ಗೃಹಿಣಿ ಮತ್ತು ಸಂಸ್ಕೃತದ ಒಬ್ಬ ವಿಧವೆ. ಎರಡನೆಯ ಸಂಬಂಧವನ್ನು ಅವನು ಇನ್ನಷ್ಟು ದೊಡ್ಡವನಾದ ಮೇಲೆ ವಿವರಿಸಿದರೂ ಆದೀತು.

ಇದನ್ನು ಬರೆದು ಮುಗಿಸುವ ಮೊದಲು ಅಕ್ಕನಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. “ನನಗ್ಯಾಕೋ ಪಾಲು ಈ ವಯಸ್ಸಿನಲ್ಲಿ? ಹಿತ್ತಿಲ ಹಲಸಿನ ಮರದ ಹಣ್ಣು ವರ್ಷಕ್ಕೆ ಎರಡು ಕಳುಹಿಸಿದರೆ ಸಾಕು ಕಣೋ” ಎಂದಳು. ಮರವೂ ನಾಲ್ಕು ಭಾಗದಲ್ಲಿಯೇ ಸೇರಿದೆ ಅಕ್ಕ, ಹಣ್ಣನ್ನು ನಿನಗೆ ಕಳುಹಿಸಿಕೊಡಲು ನಾನು ಯಾರು ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, ರಿಜಿಸ್ಟ್ರಾರ್ ಕಚೇರಿಗೆ ಆಧಾರ್ ಕಾರ್ಡಿನ ನಕಲು ಎಷ್ಟು ಬೇಕಾಗುತ್ತದೆ ಎಂದು ಕೇಳಿದಳು.